ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಮಹಿಳೆಯರು

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ನಡುವೆ ಸಿಗುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಭೌಗೋಳಿಕ ಸೂಚಕದ ಮಾನ್ಯತೆಯೂ ಆ ಹಣ್ಣಿಗೆ ದೊರೆತಿದೆ. ಬಾಳೆಯ ವಿಷಯದಲ್ಲಿ ರೈತರೆಲ್ಲರೂ ಬಲ್ಲ ಒಂದು ಸಂಗತಿಯುಂಟು. ಹಣ್ಣನ್ನು ಎಷ್ಟು ಬುಟ್ಟಿ ಕೊಂಡು ತಂದರೂ ಅದರಿಂದ ಗಿಡ ಬೆಳೆಯದು. ಅದರಲ್ಲಿ ಮೊಳೆಯುವ ಬೀಜವಿಲ್ಲ. ಗಿಡ ಬೇಕಾದವರು ಬುಡದ ಕಂದನ್ನು ಕೇಳಿ ಪಡೆಯಬೇಕು. ಹಣ್ಣು ಕೊಟ್ಟವರು ಒಂದು ಹೊತ್ತಿನ ರುಚಿಯನ್ನು ಕೊಟ್ಟಾರು. ಕಂದು ಕೊಟ್ಟವರು ತೋಟವನ್ನೇ ಕೊಟ್ಟಂತೆ.

ಗಣಕಯಂತ್ರಗಳನ್ನು ನಡೆಸುವ ತಂತ್ರಾಂಶದಲ್ಲಿಯೂ ಇಂಥದೇ ಭೇದವಿದೆ. ನಾವು ಕೊಂಡು ಬಳಸುವ ತಂತ್ರಾಂಶಗಳಲ್ಲಿ ಬಹುಪಾಲು ಹಣ್ಣಿನಂಥವು. ಅವನ್ನು ಬಳಸಬಹುದು, ಆದರೆ ಅವು ಹೇಗೆ ರಚಿತವಾಗಿವೆ ಎಂದು ನೋಡುವಂತಿಲ್ಲ, ತಿದ್ದುವಂತಿಲ್ಲ. ಮುಕ್ತ ತಂತ್ರಾಂಶವಾದರೋ ಕಂದಿನ ಸಮೇತ ಬರುತ್ತದೆ. ಅದರ ಮೂಲಸಂಕೇತ, ಅಂದರೆ ಮನುಷ್ಯರು ಓದಿ ತಿಳಿಯಬಹುದಾದ ಬರವಣಿಗೆಯ ರೂಪ, ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೀಗೆ ಎಲ್ಲರಿಗೂ ತೆರೆದಿಟ್ಟ ತೋಟದಲ್ಲಿ ಹೆಣ್ಣುಮಕ್ಕಳು ಏಕೆ ಇಷ್ಟು ವಿರಳವಾಗಿ ಕಾಣುತ್ತಾರೆ ಎಂಬ ಪ್ರಶ್ನೆಯನ್ನು ಇಂದು ನಾನು ಎತ್ತಿಕೊಂಡಿದ್ದೇನೆ.

ಇದು ಮೊದಲಿನಿಂದಲೂ ಗಂಡಸರ ವಿದ್ಯೆ ಎಂದು ಯಾರಾದರೂ ಹೇಳಿದರೆ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಗಣಕಯಂತ್ರಕ್ಕೆ ಲೆಕ್ಕದ ಕ್ರಮವನ್ನು ಅಳವಡಿಸಿದವರು ಆರು ಮಂದಿ ಮಹಿಳೆಯರು. 1952ರಲ್ಲಿ ಗ್ರೇಸ್ ಹಾಪರ್ ಎಂಬಾಕೆ ಎ-0 ಎಂಬ ಕಂಪೈಲರನ್ನು ರಚಿಸಿದರು. ಆಕೆಯ ಬಳಗವೇ ಸಿದ್ಧಪಡಿಸಿದ ಎ-2 ಎಂಬ ಮುಂದಿನ ರೂಪವು 1953ರಲ್ಲಿ ಗ್ರಾಹಕರ ಕೈಸೇರಿದಾಗ ಅದರ ಮೂಲಸಂಕೇತವೂ ಜೊತೆಯಲ್ಲಿತ್ತು. ಸುಧಾರಣೆಗಳೇನಾದರೂ ತೋಚಿದರೆ ಮರಳಿ ಕಳುಹಿಸಿರೆಂಬ ಕೋರಿಕೆಯೂ ಇತ್ತು. ಹಂಚಿ ತಿದ್ದುವ ಈ ಪದ್ಧತಿಗೆ ಅಂದು ಹೆಸರಿರಲಿಲ್ಲ; ಆದರೆ ಅದರ ಮೊದಲ ನಿದರ್ಶನಗಳಲ್ಲಿ ಒಂದು ಹೆಣ್ಣಿನ ಮುಂದಾಳುತನದಲ್ಲಿ ನಡೆದದ್ದು.

ತಂತ್ರಾಂಶವು ಮಾರಾಟದ ಸರಕಾದಂತೆ ಮೂಲಸಂಕೇತವು ಬೀಗಮುದ್ರೆಯೊಳಗೆ ಸೇರಿತು. ಇದನ್ನು ಪ್ರತಿಭಟಿಸಿ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್‌ರ ಲಿನಕ್ಸ್ ಬಂದಿತು. ಈ ಎರಡು ಹೆಸರುಗಳನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. 'ಓಪನ್ ಸೋರ್ಸ್' ಎಂಬ ಪದವನ್ನು 1998ರ ಫೆಬ್ರವರಿಯಲ್ಲಿ ಸೂಚಿಸಿದವರು ಕ್ರಿಸ್ಟೀನ್ ಪೀಟರ್ಸನ್ ಎಂಬ ಮಹಿಳೆ ಎಂಬುದನ್ನು ಬಲ್ಲವರು ಕಡಿಮೆ. ನಾಮಕರಣ ಮಾಡಿದವಳ ಹೆಸರೇ ಮರೆವಿಗೆ ಸಂದಿದೆ.

ಇನ್ನು ಅಂಕಿಗಳನ್ನು ನೋಡೋಣ. ಯುರೋಪಿನ ಒಕ್ಕೂಟದ ನೆರವಿನಿಂದ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಮುಕ್ತ ತಂತ್ರಾಂಶದ ಬಳಗಗಳಲ್ಲಿ ಮಹಿಳೆಯರ ಪ್ರಮಾಣ ಸುಮಾರು ಶೇಕಡ 1.5 ಎಂದು ಕಂಡುಕೊಂಡಿತು. ಸಂಬಳಕ್ಕೆ ದುಡಿಯುವ, ಬೀಗಹಾಕಿದ ತಂತ್ರಾಂಶದ ಉದ್ಯಮದಲ್ಲಿ ಅದು ಶೇಕಡ 28ರಷ್ಟಿತ್ತು. 2017ರಲ್ಲಿ ಗಿಟ್‌ಹಬ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿಯೂ ಉತ್ತರಿಸಿದವರಲ್ಲಿ ಮಹಿಳೆಯರು ಶೇಕಡ 3 ಮಾತ್ರ. ಬಾಗಿಲು ಮುಚ್ಚಿದ ಮನೆಯೊಳಗೆ ಹೆಚ್ಚು ಮಂದಿ ಹೆಂಗಸರು, ಬಾಗಿಲು ತೆರೆದ ಮನೆಯೊಳಗೆ ಕಡಿಮೆ! ಇದು ವಿಚಿತ್ರವೆನಿಸಿದರೂ ಕಾರಣ ಗೂಢವಾದುದೇನಲ್ಲ. ಈ ಕೆಲಸದ ಬಹುಭಾಗ ಬಿಡುವಿನ ವೇಳೆಯಲ್ಲಿ, ರಾತ್ರಿಯ ಹೊತ್ತು, ಸಂಬಳವಿಲ್ಲದೆ ನಡೆದು ಬಂದುದು. ಬಿಡುವು ಯಾರಿಗಿದೆ ಎಂಬುದನ್ನು ಮನೆಯ ಅಡುಗೆಮನೆಯೇ ಹೇಳುತ್ತದೆ.

ಎರಡನೆಯ ಕಾರಣ ಹೆಸರಿಗೆ ಸಂಬಂಧಿಸಿದುದು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಮಹಿಳೆಯರು ಕಳುಹಿಸಿದ ತಿದ್ದುಪಡಿಗಳು ಒಟ್ಟಾರೆಯಾಗಿ ಗಂಡಸರವುಗಳಿಗಿಂತ ತುಸು ಹೆಚ್ಚಾಗಿಯೇ ಸ್ವೀಕೃತವಾಗುತ್ತವೆ ಎಂದು ತೋರಿಸಿತು. ಆದರೆ ಬಳಗಕ್ಕೆ ಹೊಸಬಳಾದವಳು ಹೆಣ್ಣೆಂದು ಗುರುತು ಸಿಕ್ಕುವಂತಿದ್ದಲ್ಲಿ ಆ ಮೇಲುಗೈ ಉಳಿಯಲಿಲ್ಲ. ಅಂಥವರ ತಿದ್ದುಪಡಿಗಳು ಗಂಡಸರವುಗಳಿಗಿಂತ ಕಡಿಮೆ ಸ್ವೀಕೃತವಾದವು. ಕೆಲಸದ ಯೋಗ್ಯತೆ ಒಂದೇ. ಹೆಸರು ಕಂಡೊಡನೆ ತಕ್ಕಡಿ ವಾಲುತ್ತದೆ.

ಹಾಗಾದರೆ ಉಪಾಯವೇನು? ಇದಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. 2006ರ ಬೇಸಗೆಯಲ್ಲಿ ಗೂಗಲ್ ವಿದ್ಯಾರ್ಥಿಗಳಿಗಾಗಿ ನಡೆಸುವ ಕಾರ್ಯಕ್ರಮದಡಿ ಗ್ನೋಮ್ ಯೋಜನೆಗೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಒಂದೂ ಹೆಣ್ಣುಮಗಳದಲ್ಲ. ಹೆಂಗಸರಿಗೆ ಆಸಕ್ತಿಯಿಲ್ಲವೆಂದು ಕೈತೊಳೆದುಕೊಳ್ಳುವ ಬದಲು ಬಳಗದವರು ಮಹಿಳೆಯರಿಗೆಂದೇ ಬೇರೊಂದು ಕಾರ್ಯಕ್ರಮವನ್ನು ಸಾರಿದರು. ಕೂಡಲೆ ನೂರರಷ್ಟು ಅರ್ಜಿಗಳು ಬಂದವು! ಆರು ಮಂದಿ ಆಯ್ಕೆಯಾದರು. 2010ರಲ್ಲಿ ಮತ್ತೆ ಚಿಗುರಿದ ಆ ಯತ್ನವೇ ಇಂದು ಔಟ್‌ರೀಚಿ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ಹಿಂದುಳಿದ ಇತರರನ್ನೂ ಒಳಗೊಂಡು ಸಾವಿರಕ್ಕೂ ಹೆಚ್ಚು ಮಂದಿಗೆ ವೇತನದೊಡನೆ ತರಬೇತಿ ನೀಡಿದೆ. 2004ರಲ್ಲಿ ಹುಟ್ಟಿದ ಡೆಬಿಯನ್ ವಿಮೆನ್ ಎಂಬ ಗುಂಪೂ ಹೀಗೆಯೇ ಹೊಸಬರ ಕೈಹಿಡಿದು ನಡೆಸಿತು. ಬಾಗಿಲು ತೆರೆದಿಟ್ಟರೆ ಸಾಲದು. ಹೊಸ್ತಿಲಲ್ಲಿ ನಿಂತು ಬನ್ನಿ ಎನ್ನುವವರೊಬ್ಬರು ಬೇಕು.

ಕಲ್ಯಾಣದ ನೆರೆಯವರಾದ ನಮಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದವರು ವಚನಗಳನ್ನು ರಚಿಸಿದ್ದು, ಕೇಳುವ ಬಳಗವೊಂದು ಸಿದ್ಧವಾಗಿದ್ದುದರಿಂದ. ಆಡುವ ಕನ್ನಡವೇ ಬರೆಯುವ ಭಾಷೆಯಾದುದರಿಂದ. ಅವರವರ ಅಂಕಿತಗಳು ಉಳಿದುದರಿಂದಲೇ ಇಂದಿಗೂ ಇದು ಇಂಥವಳ ಮಾತು ಎಂದು ಗುರುತಿಸಬಲ್ಲೆವು. ಮುಕ್ತ ತಂತ್ರಾಂಶದಲ್ಲಿಯೂ ಪ್ರತಿಯೊಂದು ತಿದ್ದುಪಡಿಯ ಜೊತೆಗೆ ತಿದ್ದಿದವರ ಹೆಸರು ದಾಖಲಾಗುತ್ತದೆ. ಅಲ್ಲಿ ನಮ್ಮ ಹೆಣ್ಣುಮಕ್ಕಳ ಅಂಕಿತವೂ ಇರಬೇಕಲ್ಲವೆ?

ಇದಕ್ಕೆ ಭಾಷೆಯೇ ಸಮೀಪದ ದಾರಿ. ತಂತ್ರಾಂಶವನ್ನು ಕಟ್ಟುವುದೆಂದರೆ ಸಂಕೇತ ಬರೆಯುವುದಷ್ಟೇ ಅಲ್ಲ. ತಪ್ಪುಗಳನ್ನು ಹುಡುಕಿ ತಿಳಿಸುವುದು, ಕೈಪಿಡಿ ಬರೆಯುವುದು, ಭಾಷಾಂತರಿಸುವುದು ಎಲ್ಲವೂ ಅದರ ಭಾಗವೇ. ಬಂಗಾಳಿ ಭಾಷೆಗೆ ಗ್ನೋಮ್ ಮುಂತಾದವನ್ನು ತರುವಲ್ಲಿ ರುಣಾ ಭಟ್ಟಾಚಾರ್ಯ ಎಂಬ ಮಹಿಳೆಯ ಪಾತ್ರ ದೊಡ್ಡದು. ನಮ್ಮ ರಾಜ್ಯದಲ್ಲಿ ಅನಿತಾ ಗುರುಮೂರ್ತಿಯವರು ಸ್ಥಾಪಕರಲ್ಲೊಬ್ಬರಾದ ಐಟಿ ಫಾರ್ ಚೇಂಜ್ ಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ಸೇರಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಮುಕ್ತ ತಂತ್ರಾಂಶವನ್ನು ಕಲಿಸಿತು. 2013ರಲ್ಲಿ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯಲ್ಲಿ ಶಿಕ್ಷಕ ಶಿಕ್ಷಕಿಯರು ಪಾಠಸಾಮಗ್ರಿಯನ್ನು ತಾವೇ ರಚಿಸಿ ಹಂಚಿಕೊಳ್ಳುವ ಏರ್ಪಾಡಾಯಿತು. ಬಳಸುವವರೇ ರಚಿಸುವವರಾಗಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

ಕಲಬುರಗಿಗೆ ವಿದ್ಯೆಯ ಕೊರತೆಯಿಲ್ಲ. 1958ರಿಂದ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. 2017ರಲ್ಲಿ ಆರಂಭವಾದ ಶರಣಬಸವ ವಿಶ್ವವಿದ್ಯಾಲಯದಲ್ಲಿ ಮಹಿಳೆಯರಿಗೆಂದೇ ಮೀಸಲಾದ ಎಂಜಿನಿಯರಿಂಗ್ ವಿಭಾಗವುಂಟು. ಈ ನಗರದ ವಿದ್ಯಾರ್ಥಿನಿಯರೊಡನೆ ಮಾತನಾಡಿದಾಗಲೆಲ್ಲ ನಾನು ಕಂಡದ್ದು ಇದು: ಮುಕ್ತ ತಂತ್ರಾಂಶವನ್ನು ಅವರು ದಿನವೂ ಬಳಸುತ್ತಾರೆ, ಪರೀಕ್ಷೆಗೆ ಓದುತ್ತಾರೆ; ಅದನ್ನು ತಾವು ತಿದ್ದಬಹುದೆಂಬ ಯೋಚನೆ ಮಾತ್ರ ಅವರ ಬಳಿ ಸುಳಿದಿರುವುದಿಲ್ಲ. ಬಳಗದ ಚರ್ಚೆ ರಾತ್ರಿ ನಡೆದರೆ ಹಳ್ಳಿಗೆ ಮರಳುವವರಿಗೆ ಅದು ಎಟುಕದು. ಇಂಗ್ಲಿಷಿನಲ್ಲಿ ನಾಲ್ಕು ಜನರ ಮುಂದೆ ತಪ್ಪಾದೀತೆಂಬ ಅಳುಕು ಬೇರೆ.

ಇದರಿಂದ ನಷ್ಟ ಅವರಿಗಷ್ಟೇ ಅಲ್ಲ. ಕಮಲಾಪುರದ ಸ್ವಸಹಾಯ ಗುಂಪಿನ ಹೆಣ್ಣುಮಗಳ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸೇ ಇದೆ. ಆ ಫೋನಿನ ಪರದೆಯ ಮೇಲೆ ಸಾಲಕ್ಕೆ, ಬೆಳೆಗೆ, ಬಾಣಂತಿಯ ಆರೈಕೆಗೆ ಯಾವ ಕನ್ನಡ ಪದ ಬರಬೇಕೆಂಬುದನ್ನು ಆಕೆಯ ಮಾತನ್ನು ಎಂದೂ ಕೇಳದವರು ನಿರ್ಧರಿಸಿದರೆ, ಆ ಕನ್ನಡ ಆಕೆಗೆ ಪರಭಾಷೆಯೇ ಸರಿ. ಆಕೆಯ ನುಡಿಯನ್ನು ಬಲ್ಲ ಮಗಳು ಕಲಬುರಗಿಯ ಕಾಲೇಜಿನಲ್ಲಿ ಕುಳಿತಿದ್ದಾಳೆ. ನಮ್ಮ ಕಾಲೇಜುಗಳು ವಾರಕ್ಕೊಮ್ಮೆ, ಹಗಲಿನ ಎರಡು ಗಂಟೆಗಳ ಕಾಲ, ಕನ್ನಡದಲ್ಲಿಯೇ ಮಾತನಾಡಿ ಕಲಿಸುವ ಒಬ್ಬ ಹಿರಿಯಳನ್ನು ಮುಂದೆ ಕೂರಿಸಿ ಈ ಕೆಲಸಕ್ಕೆ ಅವಳನ್ನು ಕರೆಯಲಿ. ಮೊದಲ ದಿನ ಅವಳು ಒಂದು ಪದವನ್ನು ತಿದ್ದಿದರೂ ಸಾಕು. ಅದರ ಪಕ್ಕದಲ್ಲಿ ಅವಳ ಹೆಸರು ಇರುತ್ತದೆ.