ಸರ್ವೆ ಮರ ಪೈನ್ ಅಲ್ಲ, ಕಾಡೆಮ್ಮೆ ಎಮ್ಮೆಯೂ ಅಲ್ಲ!

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸರ್ವೆ ತೋಪಿನ ಮುಂದೆ ಸೆಲ್ಫಿ ತೆಗೆದು ‘ಪೈನ್ ಕಾಡು’ ಎಂದು ಸ್ಟೇಟಸ್ ಹಾಕುವವರಿದ್ದಾರೆ. ಬಂಡೀಪುರದ ರಸ್ತೆಯಲ್ಲಿ ಕಾಟಿ ಎದುರಾದರೆ ‘ಬೈಸನ್’ ಎಂದೋ ‘ಅಳಿವಿನಂಚಿನ ಕಾಡೆಮ್ಮೆ’ ಎಂದೋ ವಿಡಿಯೊ ಹರಿದಾಡುತ್ತದೆ. ಒಂದು ಮರ, ಇನ್ನೊಂದು ಪ್ರಾಣಿ. ನಾವು ಮೋಸಹೋಗುವುದು ಮಾತ್ರ ಒಂದೇ ರೀತಿ, ಮೇಲ್ನೋಟಕ್ಕೆ.

ಮೊದಲು ಮರ. ಸರ್ವೆಯ ಸೂಜಿಯಂಥ ಒಂದು ಎಳೆಯನ್ನು ಕಿತ್ತು ಎರಡೂ ತುದಿ ಹಿಡಿದು ಎಳೆಯಿರಿ. ಗೆಣ್ಣಿನಲ್ಲಿ ಕಳಚಿ ಬರುತ್ತದೆ. ಅದು ಎಲೆಯಲ್ಲ, ಹಸಿರು ಕಡ್ಡಿ. ನಿಜವಾದ ಎಲೆಗಳು ಆ ಗೆಣ್ಣಿನ ಸುತ್ತ ಸಣ್ಣ ಹಲ್ಲುಗಳಂತೆ ಅಂಟಿಕೊಂಡಿರುತ್ತವೆ. ಪೈನ್ ಮರದ ಸೂಜಿ ಪೂರ್ತಿ ಎಲೆಯೇ, ಅದಕ್ಕೆ ಗೆಣ್ಣಿಲ್ಲ. ಸರ್ವೆ ಹೂ ಬಿಡುವ ಮರ. ಪೈನ್, ದೇವದಾರುಗಳಂಥ ಶಂಕುಮರಗಳು ಹೂ ಬಿಡುವುದಿಲ್ಲ. ಸರ್ವೆಯ ಮುಳ್ಳುಮುಳ್ಳಾದ ಉರುಟು ಕಾಯಿ ನೋಡಲು ಶಂಕುವಿನಂತಿದ್ದರೂ ಹೂವಿನಿಂದ ಆದದ್ದು. ಬೇರಿನ ಗಂಟುಗಳಲ್ಲಿರುವ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಬಡ ಮಣ್ಣಿನಲ್ಲೂ ಸರ್ವೆ ಬರುವುದಕ್ಕೆ ಇದೂ ಒಂದು ಕಾರಣ.

ತಮಾಷೆಯೆಂದರೆ, ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಒಂದೇ ಶಂಕುಮರ, ಪಶ್ಚಿಮ ಘಟ್ಟದ ನಗೇಯಾ, ಅಗಲ ಎಲೆಯದು. ಅದನ್ನು ಯಾರೂ ಪೈನ್ ಜೊತೆ ಸೇರಿಸುವುದಿಲ್ಲ.

ಇನ್ನು ಕಾಟಿ. ಕಾಡುಕೋಣ, ಕಾಡೆಮ್ಮೆ ಎಂದು ಕರೆದರೂ ಇದು ಎಮ್ಮೆಯ ಕುಲದ್ದಲ್ಲ, ಹಸುವಿನ ಕುಲದ್ದು. ಬೈಸನ್‌ಗಳಿರುವುದು ಅಮೆರಿಕ, ಯುರೋಪಿನಲ್ಲಿ. ನಮ್ಮ ಕೊಟ್ಟಿಗೆಯ ಎಮ್ಮೆಯ ಮೂಲವಾದ ನಿಜವಾದ ಕಾಡೆಮ್ಮೆ ಇಂದು ಭಾರತದಲ್ಲಿ ಮುಖ್ಯವಾಗಿ ಅಸ್ಸಾಮಿನ ಕಾಜಿರಂಗ, ಮಾನಸದಂಥ ಕಡೆ ಉಳಿದಿದೆ.

ಹೆಸರಿನ ಈ ಗೊಂದಲ ಸಣ್ಣದೇನಲ್ಲ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ‘ಅಳಿವಿನಂಚಿನ’ ವರ್ಗದಲ್ಲಿರುವುದು ಅಸ್ಸಾಮಿನ ಆ ಕಾಡೆಮ್ಮೆ. ಜಗತ್ತಿನಲ್ಲಿ ಉಳಿದಿರುವುದು 4,000ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಕಾಟಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪಾಯದ ವರ್ಗದಲ್ಲಿದೆ. ಬಂಡೀಪುರದಲ್ಲಿ ಕಾಟಿ ಹಿಂಡು ನೋಡಿ ‘ಕಾಡೆಮ್ಮೆ ಬೇಕಾದಷ್ಟಿವೆ’ ಎಂದುಕೊಂಡರೆ, ಅಲ್ಲಿ ಕರಗುತ್ತಿರುವ ಪ್ರಾಣಿ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಸಾಕಿದ ಎಮ್ಮೆಗಳೊಂದಿಗೆ ಬೆರೆತು ತಳಿ ಕಲಬೆರಕೆಯಾಗುವುದು ಅದಕ್ಕಿರುವ ದೊಡ್ಡ ಅಪಾಯಗಳಲ್ಲಿ ಒಂದು.

ಹಾಗಾಗಿ ವಿಡಿಯೊ ಬಂದಾಗ ಕಾಲು ನೋಡಿ. ಮೊಣಕಾಲಿನಿಂದ ಕೆಳಗೆ ಬಿಳಿ ಸಾಕ್ಸ್ ಹಾಕಿದಂತಿದ್ದು, ಬೆನ್ನ ಮೇಲೆ ದಿಂಡು ಎದ್ದಿದ್ದರೆ ಅದು ಕಾಟಿ. ವಿಡಿಯೊ ತೆಗೆಯುವವರು ನೀವೇ ಆಗಿದ್ದರೆ ಗಾಡಿ ಇಳಿಯಬೇಡಿ. ಬಲಿತ ಗಂಡು ಸುಮಾರು ಒಂದು ಟನ್ ತೂಗಬಲ್ಲದು.