ಪರದೆಯ ಮೇಲಿನ ಕೀಲಿಮಣೆ: ಕನ್ನಡ ಓದಬಲ್ಲವರು ಕನ್ನಡದಲ್ಲೇ ಬರೆಯಲು ನೆರವು

ಹುಬ್ಬಳ್ಳಿ: ಮಹಾನಗರದ ಅಂಚಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಊರಿನ ಹೆಸರು ಗಬ್ಬೂರ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿರುವುದು ಗಬ್ಬೂರು. ಬರಹದಲ್ಲಿ ಇವೆರಡರ ನಡುವಿನ ಅಂತರ ಒಂದು ಕೊಂಬು ಮಾತ್ರ. ಅರ್ಜಿ, ಪಹಣಿ, ಪಡಿತರ ಚೀಟಿಗಳಲ್ಲಿ ಇಂತಹ ಒಂದು ಚಿಹ್ನೆ ತಪ್ಪಿದರೆ ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಆದರೆ ಅಂಗಡಿಗಳಲ್ಲಿ ದೊರೆಯುವ ಬಹುತೇಕ ಕೀಲಿಮಣೆಗಳ ಮೇಲೆ ಮುದ್ರಿತವಾಗಿರುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಕನ್ನಡವನ್ನು ಸರಾಗವಾಗಿ ಓದಬಲ್ಲವರೂ ಗಣಕಯಂತ್ರದ ಮುಂದೆ ಕುಳಿತಾಗ ತಮ್ಮ ಊರಿನ ಹೆಸರನ್ನು ಇನ್ನೊಬ್ಬರಿಂದ ಬರೆಸಬೇಕಾಗಿ ಬರುವುದು ಇದರಿಂದಲೇ. ಈ ತೊಡಕಿಗೆ ಖರ್ಚಿಲ್ಲದ ಪರಿಹಾರವೊಂದು ಗಣಕಯಂತ್ರದಲ್ಲಿಯೇ ಇದೆ. ಅದು ಪರದೆಯ ಮೇಲಿನ ಕೀಲಿಮಣೆ.

ಏನಿದು?

ಕೀಲಿಮಣೆಯ ಚಿತ್ರವನ್ನು ಪರದೆಯ ಮೇಲೆ ಮೂಡಿಸಿ, ಮೌಸ್‌ನಿಂದ ಒತ್ತಿದ ಅಕ್ಷರವನ್ನು ಕಡತಕ್ಕೆ ಸೇರಿಸುವ ಸೌಲಭ್ಯವಿದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 2000 ಆವೃತ್ತಿಯಿಂದಲೂ ಇದು ಕಾರ್ಯಾಚರಣೆ ವ್ಯವಸ್ಥೆಯ ಭಾಗವಾಗಿಯೇ ಬರುತ್ತಿದೆ. ಪ್ರತ್ಯೇಕ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಮ್ಯಾಕ್ ಯಂತ್ರಗಳಲ್ಲಿಯೂ ಇಂತಹ ಕೀಲಿಮಣೆಯಿದೆ. ಲಿನಕ್ಸ್ ಬಳಸುವವರಿಗೆ 'ಆನ್‌ಬೋರ್ಡ್' ಎಂಬ ಉಚಿತ ತಂತ್ರಾಂಶ ದೊರೆಯುತ್ತದೆ.

ಆಯ್ಕೆಯಾಗಿರುವ ಭಾಷೆಗೆ ತಕ್ಕಂತೆ ಈ ಕೀಲಿಗಳ ಮೇಲಿನ ಅಕ್ಷರಗಳು ಬದಲಾಗುತ್ತವೆ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದೊಡನೆ ಕೀಲಿಗಳ ಮೇಲೆ ಕ, ಗ, ತ, ಪ ಕಾಣಿಸಿಕೊಳ್ಳುತ್ತವೆ. ಯಾವ ಇಂಗ್ಲಿಷ್ ಕೀಲಿಯಲ್ಲಿ ಯಾವ ಕನ್ನಡ ಅಕ್ಷರವಿದೆ ಎಂದು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ತೆರೆಯುವ ಕ್ರಮ

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಇಂಗ್ಲಿಷಿನ 'ಓ' ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪರದೆಯ ಕೀಲಿಮಣೆ ತೆರೆದುಕೊಳ್ಳುತ್ತದೆ. ಕೈಯಿಂದ ಒತ್ತುವ ಕೀಲಿಮಣೆಯೇ ಕೆಟ್ಟಿದ್ದರೆ ಮೌಸ್ ಬಳಸಿ, ವಿಂಡೋಸ್ 11ರಲ್ಲಾದರೆ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಎಂಬ ಕ್ರಮದಲ್ಲಿ ಸಾಗಬೇಕು. ವಿಂಡೋಸ್ 10ರಲ್ಲಿ ಆಕ್ಸೆಸಿಬಿಲಿಟಿಯ ಬದಲು 'ಈಸ್ ಆಫ್ ಆಕ್ಸೆಸ್' ಎಂದಿರುತ್ತದೆ. ಯಂತ್ರಕ್ಕೆ ಪ್ರವೇಶಿಸುವಾಗ ಗುಪ್ತಪದ ಕೇಳುವ ಪರದೆಯಲ್ಲಿಯೂ ಕೆಳಗಿನ ಮೂಲೆಯ ಚಿಹ್ನೆಯ ಮೂಲಕ ಇದನ್ನು ತೆರೆಯಬಹುದು.

ಕನ್ನಡ ಅಕ್ಷರಗಳು ಕಾಣಬೇಕಾದರೆ ಮೊದಲೊಮ್ಮೆ ಸೆಟ್ಟಿಂಗ್ಸ್‌ನ ಸಮಯ ಮತ್ತು ಭಾಷೆ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಬೇಕು. ಬಳಿಕ ವಿಂಡೋಸ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಥವಾ ಪರದೆಯ ಕೆಳಪಟ್ಟಿಯಲ್ಲಿರುವ ಭಾಷೆಯ ಗುರುತನ್ನು ಒತ್ತಿ ಭಾಷೆ ಬದಲಿಸಬಹುದು. ಬರೆಯಬೇಕಾದ ಜಾಗದಲ್ಲಿ ಮೊದಲು ಮೌಸ್ ಒತ್ತಿ, ಅನಂತರ ಕೀಲಿಗಳನ್ನು ಒತ್ತತಕ್ಕದ್ದು. ಹಾಗೆ ಮಾಡದಿದ್ದರೆ ಅಕ್ಷರ ಬೇರೆಲ್ಲಿಯೋ ಬಿದ್ದೀತು, ಇಲ್ಲವೆ ಎಲ್ಲಿಯೂ ಮೂಡದಿರಬಹುದು.

ಬರೆಯುವ ವಿಧಾನ

ವಿಂಡೋಸ್‌ನ ಕನ್ನಡ ಕೀಲಿಮಣೆ 'ಇನ್‌ಸ್ಕ್ರಿಪ್ಟ್' ವಿನ್ಯಾಸದ್ದು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಭಾರತೀಯ ಭಾಷೆಗಳಿಗಾಗಿ ಇದನ್ನು ನಿಗದಿಪಡಿಸಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ದೊರೆಯಿತು. ಇದರಲ್ಲಿ ಸ್ವರಗಳು ಎಡಭಾಗಕ್ಕೆ, ವ್ಯಂಜನಗಳು ಬಹುಪಾಲು ಬಲಭಾಗಕ್ಕೆ ಇವೆ. ಮಹಾಪ್ರಾಣಗಳು ಅಲ್ಪಪ್ರಾಣದ ಕೀಲಿಯಲ್ಲಿಯೇ ಶಿಫ್ಟ್‌ನೊಂದಿಗೆ ದೊರೆಯುತ್ತವೆ. 'ಧಾರವಾಡ' ಎಂದು ಬರೆಯಲು ಶಿಫ್ಟ್ ಒತ್ತಿದರೆ 'ದ' ಇದ್ದಲ್ಲಿ 'ಧ' ಕಾಣಿಸುತ್ತದೆ. ಪರದೆಯಲ್ಲಿ ಶಿಫ್ಟನ್ನು ಹಿಡಿದುಕೊಂಡಿರಬೇಕಾಗಿಲ್ಲ. ಒಮ್ಮೆ ಒತ್ತಿದರೆ ಮುಂದಿನ ಒಂದು ಅಕ್ಷರಕ್ಕೆ ಅನ್ವಯಿಸುತ್ತದೆ.

ಒತ್ತಕ್ಷರಕ್ಕೆ ನಡುವೆ ಹಲಂತ ಚಿಹ್ನೆಯನ್ನು ಒತ್ತಬೇಕು. 'ಗಬ್ಬೂರ' ಬರೆಯಲು ಗ, ಬ, ಹಲಂತ, ಬ, ಊಕಾರದ ಚಿಹ್ನೆ, ರ ಎಂದು ಆರು ಬಾರಿ ಒತ್ತಿದರೆ ಸಾಕು. ಏಳನೆಯದಾಗಿ ಉಕಾರದ ಚಿಹ್ನೆ ಸೇರಿಸಿದರೆ ಅದು ರಾಯಚೂರು ಜಿಲ್ಲೆಯ ಗಬ್ಬೂರು ಆಗುತ್ತದೆ. ಅರ್ಕಾವತ್ತಿಗೂ ಹಲಂತವನ್ನೇ ಬಳಸಬಹುದು. 'ಧರ್ಮ' ಬರೆಯಲು ಧ, ರ, ಹಲಂತ, ಮ ಎಂಬ ಕ್ರಮದಲ್ಲಿ ಒತ್ತಬೇಕು. ಉಚ್ಚಾರಣೆಯ ಕ್ರಮವೇ ಬರವಣಿಗೆಯ ಕ್ರಮ ಎಂಬುದು ಇಲ್ಲಿನ ಸೂತ್ರ.

ನುಡಿ, ಬರಹಕ್ಕಿಂತ ಹೇಗೆ ಭಿನ್ನ?

ಕನ್ನಡಿಗರಿಗೆ ಹೆಚ್ಚು ಪರಿಚಿತವಾದ 'ನುಡಿ' ಕನ್ನಡ ಗಣಕ ಪರಿಷತ್ತಿನ ಕೊಡುಗೆ. ಅದರ ಕೀಲಿಮಣೆಗೆ ಆಧಾರವಾದದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂದಿತು. ಎರಡರಲ್ಲಿಯೂ ಕನ್ನಡ ಅಕ್ಷರಗಳು ಇಂಗ್ಲಿಷ್ ಕೀಲಿಗಳ ಉಚ್ಚಾರಣೆಗೆ ಹೊಂದಿಕೊಂಡಿವೆ. ಇಂಗ್ಲಿಷ್ ಬಲ್ಲವರಿಗೆ ಇವು ವೇಗದ ಸಾಧನಗಳು. ಇಂಗ್ಲಿಷ್ ಅಕ್ಷರಗಳ ಪರಿಚಯವಿಲ್ಲದವರಿಗೆ ಆ ಅನುಕೂಲವಿಲ್ಲ. ಅಂತಹವರಿಗೆ ಕನ್ನಡ ಅಕ್ಷರವನ್ನೇ ಕಣ್ಣೆದುರಿಗೆ ತೋರಿಸುವ ಪರದೆಯ ಕೀಲಿಮಣೆ ಹೆಚ್ಚು ಸಹಕಾರಿ.

ಇನ್ನೊಂದು ಪ್ರಯೋಜನವೂ ಉಂಟು. ವಿಂಡೋಸ್‌ನ ಈ ಕೀಲಿಮಣೆಯಿಂದ ಬರೆದದ್ದು ಯುನಿಕೋಡ್‌ನಲ್ಲಿರುತ್ತದೆ. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬರೆದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಯುನಿಕೋಡ್ ಬರಹ ಇಂದಿನ ಗಣಕಯಂತ್ರ ಮತ್ತು ಮೊಬೈಲ್‌ಗಳಲ್ಲಿ ಹಾಗೆಯೇ ಉಳಿಯುತ್ತದೆ, ಹುಡುಕಲೂ ಸಿಗುತ್ತದೆ.

ಕೈಗೆ ಬಲವಿಲ್ಲದವರಿಗೆ

ಈ ಸೌಲಭ್ಯವನ್ನು ಮೂಲತಃ ರೂಪಿಸಿದ್ದು ಕೀಲಿ ಒತ್ತಲು ಕಷ್ಟಪಡುವವರಿಗಾಗಿ. ಪಾರ್ಶ್ವವಾಯು, ಕೈನಡುಕ, ಸಂಧಿವಾತ ಅಥವಾ ಅಪಘಾತದಿಂದ ಬೆರಳುಗಳ ಹಿಡಿತ ಕಳೆದುಕೊಂಡವರು ಇದರ ಮೂಲಕ ಬರೆಯಬಹುದು. ಕೀಲಿಮಣೆಯ ಕೆಳಮೂಲೆಯ 'ಆಪ್ಷನ್ಸ್' ಒತ್ತಿದರೆ ಮೂರು ವಿಧಾನಗಳು ಕಾಣುತ್ತವೆ. ಮೊದಲನೆಯದು ಮೌಸ್ ಒತ್ತಿ ಬರೆಯುವುದು. ಎರಡನೆಯದರಲ್ಲಿ ಒತ್ತುವ ಅಗತ್ಯವಿಲ್ಲ. ಮೌಸ್‌ನ ಬಾಣವನ್ನು ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಅದು ಮೂಡುತ್ತದೆ. ಎಷ್ಟು ಹೊತ್ತು ಎಂಬುದನ್ನು ಬಳಸುವವರೇ ನಿಗದಿಪಡಿಸಬಹುದು. ಮೂರನೆಯದರಲ್ಲಿ ಯಂತ್ರವೇ ಕೀಲಿಗಳ ಸಾಲುಗಳನ್ನು ಒಂದಾದ ಮೇಲೊಂದರಂತೆ ಬೆಳಗಿಸುತ್ತಾ ಹೋಗುತ್ತದೆ. ಬೇಕಾದ ಸಾಲು, ಅನಂತರ ಬೇಕಾದ ಅಕ್ಷರ ಬಂದಾಗ ಒಂದೇ ಗುಂಡಿಯನ್ನು ಒತ್ತಿದರೆ ಆಯಿತು. ಒಂದು ಬೆರಳು ಆಡಿದರೂ ತಮ್ಮ ಮಾತನ್ನು ತಾವೇ ಬರೆಯಲು ಸಾಧ್ಯ.

21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಇಂತಹವರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಯಂತ್ರದಲ್ಲಿ ಆಗಲೇ ಇರುವ ಸೌಲಭ್ಯವನ್ನು ತೆರೆದು ತೋರಿಸುವುದು ಆ ದಾರಿಯಲ್ಲಿ ಅತಿ ಸುಲಭವಾದ ಹೆಜ್ಜೆ.

ಎಚ್ಚರಿಕೆಗಳು

ಪರದೆಯ ಕೀಲಿಮಣೆ ಬಳಸಿದರೆ ಗುಪ್ತಪದ ಸಂಪೂರ್ಣ ಸುರಕ್ಷಿತ ಎಂಬ ನಂಬಿಕೆ ಸರಿಯಲ್ಲ. ಕೀಲಿಮಣೆಯ ತಂತಿಗೆ ಸಿಕ್ಕಿಸಿದ ಕಳ್ಳ ಸಾಧನಗಳಿಂದ ಇದು ರಕ್ಷಣೆ ನೀಡುತ್ತದೆ. ಆದರೆ ಯಂತ್ರದೊಳಗೆ ಸೇರಿಕೊಂಡ ದುರುದ್ದೇಶದ ತಂತ್ರಾಂಶಗಳು ಒತ್ತಿದ ಅಕ್ಷರವನ್ನೂ ಪರದೆಯ ಚಿತ್ರವನ್ನೂ ದಾಖಲಿಸಿಕೊಳ್ಳಬಲ್ಲವು. ಹಿಂದೆ ನಿಂತವರಿಗೂ ಒತ್ತಿದ ಅಕ್ಷರ ಕಾಣಿಸುತ್ತದೆ. ಸಾರ್ವಜನಿಕ ಕೇಂದ್ರಗಳ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದೇ ಕ್ಷೇಮ.

ವೇಗವೂ ಇಲ್ಲಿ ಕಡಿಮೆ. ಪುಟಗಟ್ಟಲೆ ಬರೆಯಲು ಇದು ತಕ್ಕುದಲ್ಲ. ಹೆಸರು, ತಂದೆಯ ಹೆಸರು, ಊರು, ವಿಳಾಸ, ನಾಲ್ಕಾರು ಸಾಲಿನ ಮನವಿ ಇವುಗಳಿಗೆ ಧಾರಾಳವಾಗಿ ಸಾಕು. ಅರ್ಜಿಯನ್ನು ಬೇರೆಯವರು ತುಂಬುತ್ತಿದ್ದರೂ ಹೆಸರು ಮತ್ತು ಊರಿನ ಕಾಲಂ ಬಂದಾಗ ಪರದೆಯ ಕೀಲಿಮಣೆ ತೆರೆಯುವಂತೆ ಕೇಳಿ, ಆ ಎರಡನ್ನಾದರೂ ಅರ್ಜಿದಾರರೇ ಒತ್ತುವುದು ಲೇಸು. ಸಲ್ಲಿಸುವ ಮುನ್ನ ಪ್ರತಿ ಕೊಂಬು, ಪ್ರತಿ ಒತ್ತನ್ನು ಓದಿ ನೋಡಿದರೆ ಮುಂದಿನ ತಿದ್ದುಪಡಿಯ ಅಲೆದಾಟ ತಪ್ಪುತ್ತದೆ.