ಅಮ್ಮಮ್ಮನ ಮಂಡಿ, ದಂತದ ಮಂಡಿ

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಹೆಮ್ಮಾಡಿ ಅಂದ್ರೆ ಕುಂದಾಪುರ ದಾಟಿ ಬೈಂದೂರು ಕಡೆ ಹೋಗುವಾಗ ಕೊಲ್ಲೂರಿಗೆ ತಿರುಗುವ ಜಾಗ. ಜನವರಿಯಲ್ಲಿ ಬಂದ್ರೆ ಗದ್ದೆಗಳೆಲ್ಲ ಹಳದಿ. ಹೆಮ್ಮಾಡಿ ಸೇವಂತಿಗೆ! ಮಾರಣಕಟ್ಟೆ ಜಾತ್ರೆಗೆ ಬ್ರಹ್ಮಲಿಂಗೇಶ್ವರನಿಗೆ ಹೋಗೋ ಹೂವು. ನಮ್ಮ ಅಮ್ಮಮ್ಮ ನಲವತ್ತು ವರ್ಷ ಕುಕ್ಕರುಗಾಲಲ್ಲಿ ಕೂತು ಆ ಹೂ ಕೊಯ್ದವಳು. ಅವಳ ಮಂಡಿ ಹೋಗಿದ್ದೂ ಹಾಗೇ.

ಮಂಡಿ ಬದಲಿಸಿದ್ದಾಯ್ತು. ಚೆನ್ನಾಗೇ ಇತ್ತು. ಹತ್ತು ತಿಂಗಳಾದ ಮೇಲೆ ನೋವು, ಊತ, ಮುಟ್ಟಿದರೆ ಬಿಸಿ. ಬೆಂಗಳೂರಲ್ಲಿ ಕೂತ ನಾನು ಫೋನಲ್ಲಿ ದೊಡ್ಡ ಮನುಷ್ಯನ ಹಾಗೆ ಹೇಳಿದೆ, "ಮನೇಲಿ ಉಳಿದ ಆಂಟಿಬಯೋಟಿಕ್ ಇದ್ಯಲ್ಲ, ಐದು ದಿನ ತಗೊ". ತಗೊಂಡಳು. ಊತ ಸ್ವಲ್ಪ ಇಳಿಯಿತು, ನಾನು ಬೀಗಿದೆ. ಹದಿನೈದು ದಿನದಲ್ಲಿ ಹಳೇ ಗಾಯದ ಹತ್ತಿರ ಸಣ್ಣ ತೂತಾಗಿ ಕೀವು ಬಂತು.

ಕೀಲಿನ ನೀರು ತೆಗೆದು ಕಲ್ಚರ್ ಮಾಡಿದ್ರೆ ಏನೂ ಬೆಳೆಯಲಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ಏನಾದ್ರೂ ತಗೊಂಡಿದ್ರಾ?" ನಾನು ನೆಲ ನೋಡಿದೆ. ಅರೆಬರೆ ಆಂಟಿಬಯೋಟಿಕ್ ಕ್ರಿಮಿಯನ್ನು ಕೊಲ್ಲುವುದಿಲ್ಲ, ಅದರ ಗುರುತು ಮಾತ್ರ ಅಳಿಸುತ್ತದೆ. ಎರಡು ವಾರ ಎಲ್ಲ ಔಷಧ ನಿಲ್ಲಿಸಿ ಮತ್ತೆ ಸೂಜಿ ಹಾಕಿದ ಮೇಲೆ ಸಿಕ್ಕಿದ್ದು ಸ್ಟೆಫಿಲೊಕಾಕಸ್ ಆರಿಯಸ್. ಆ ಎರಡು ವಾರದ ನೋವು ನನ್ನ ಲೆಕ್ಕದ್ದು.

ಆಮೇಲೆ ಡಾಕ್ಟರ್ ಹೇಳಿದ ಉಪಾಯ ಕೇಳಿ ಅಮ್ಮಮ್ಮ ದಂಗಾದಳು. ಹಾಕಿದ ಮಂಡಿ ಪೂರ್ತಿ ತೆಗೆಯಬೇಕು, ಆರು ವಾರ ಔಷಧ, ಆಮೇಲೆ ಹೊಸದು. "ಹಾಂಗಾರೆ ಅಲ್ಲಿವರಿಗೆ ನಾನ್ ಮಂಡಿ ಇಲ್ದೆ ಇಪ್ಪುದಾ?" ಅಂದಳು. ಅವಳಿಗೆ ಉತ್ತರ ಹೇಳಬೇಕಿತ್ತು, ಹಾಗಾಗಿ ಓದಲು ಕೂತೆ. ಓದುತ್ತಾ ಹೋದರೆ ಬರ್ಲಿನ್ ತನಕ ಹೋಯ್ತು :)

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ಸರ್ಜನ್ ಆನೆದಂತದಲ್ಲಿ ಬಾಗಿಲ ಕೀಲಿನಂಥ ಮಂಡಿ ಮಾಡಿ ಹಾಕಿದ. ಜಗತ್ತಿನ ಮೊದಲ ಮಂಡಿ ಬದಲಾವಣೆ ಅದೇ ಅನ್ನುತ್ತಾರೆ. ಆದರೆ ಅವನು ಆರಿಸಿಕೊಂಡ ರೋಗಿಗಳ ಕೀಲು ಹಾಳಾಗಿದ್ದೇ ಕ್ಷಯದಿಂದ. ಕ್ರಿಮಿ ಇದ್ದ ಮನೆಗೇ ಹೊಸ ಸಾಮಾನು ಇಟ್ಟ ಹಾಗಾಯ್ತು. ಮೊದಲು ಎಲ್ಲರೂ ನಡೆದರು, ಆಮೇಲೆ ಕೀವು ಬಂತು. ಅವನ ಹಿರಿಯ ಬರ್ಗ್‌ಮನ್ ಈ ಕೆಲಸ ಮುಂದೆ ಎಲ್ಲೂ ಮಂಡಿಸಬಾರದು ಅಂತ ತಡೆದ. ಅಂದರೆ ಮಂಡಿ ಬದಲಾವಣೆಯ ಇತಿಹಾಸ ಶುರುವಾಗಿದ್ದೇ ಸೋಂಕಿನಿಂದ!

ಮುಂದೆ ಇಂಗ್ಲೆಂಡಿನ ಜಾನ್ ಚಾರ್ನ್‌ಲೀ. ಇವನದು ಸೊಂಟದ ಕೀಲು, 1960ರ ದಶಕ. ಮೊದಮೊದಲು ನೂರರಲ್ಲಿ ಸುಮಾರು ಏಳು ಜನಕ್ಕೆ ಸೋಂಕು. ಗಾಳಿಯಲ್ಲಿ ಬರುವ ಕ್ರಿಮಿಯೇ ಕಾರಣ ಅಂತ ನಂಬಿ ಆಪರೇಶನ್ ಕೋಣೆಯೊಳಗೇ ಸೋಸಿದ ಗಾಳಿಯ ಪುಟ್ಟ ಡೇರೆ ಕಟ್ಟಿದ. ಸೋಂಕು ನೂರಕ್ಕೆ ಒಂದಕ್ಕಿಂತ ಕೆಳಗೆ ಬಂತು. ಈಗಲೂ ಮಂಡಿಯಲ್ಲಿ ನೂರಕ್ಕೆ ಒಂದೆರಡು ಅನ್ನುತ್ತಾರೆ. ಕಮ್ಮಿಯೇ. ಆದರೆ ಆ ಒಂದು ನಮ್ಮನೆಯವರಾದಾಗ ಪರ್ಸೆಂಟ್ ಲೆಕ್ಕ ಯಾರಿಗೆ ಬೇಕು?

ಬಂದ ಮೇಲೆ ಏನು ಮಾಡೋದು? ಹ್ಯಾಂಬರ್ಗಿನ ಬುಖೋಲ್ಟ್ಸ್ 1970ರ ಸುಮಾರಿಗೆ ಕೀಲು ಅಂಟಿಸುವ ಸಿಮೆಂಟಿಗೇ ಜೆಂಟಾಮೈಸಿನ್ ಬೆರೆಸಿದ. ಔಷಧ ರಕ್ತದಲ್ಲಿ ಸುತ್ತಿ ಬರುವ ಬದಲು ಜಾಗದಲ್ಲೇ ಸೋರಲಿ ಅಂತ. ಹಳೇ ಕೀಲು ತೆಗೆದು ಒಂದೇ ಸಲಕ್ಕೆ ಹೊಸದು ಹಾಕುತ್ತಿದ್ದ. 1981ರಲ್ಲಿ 583 ಸೊಂಟಗಳ ಲೆಕ್ಕ ಕೊಟ್ಟ, ನೂರಕ್ಕೆ 77 ಗೆಲುವು. ನ್ಯೂಯಾರ್ಕಿನ ಜಾನ್ ಇನ್ಸಾಲ್ ಇನ್ನೂ ಹುಷಾರಿ. 1983ರಲ್ಲಿ ಅವನ ತಂಡ ಬರೀ 11 ಮಂಡಿಗಳ ಬಗ್ಗೆ ಬರೆಯಿತು: ತೆಗೆಯಿರಿ, ಆರು ವಾರ ರಕ್ತನಾಳಕ್ಕೆ ಔಷಧ ಕೊಡಿ, ಆಮೇಲೆ ಹಾಕಿ. ಅಮ್ಮಮ್ಮನಿಗೆ ಹೇಳಿದ ಆರು ವಾರ ಬಂದಿದ್ದು ಇಲ್ಲಿಂದ! ಇದೇ ಇನ್ಸಾಲ್ ಜೊತೆ 1970ರ ದಶಕದಲ್ಲಿ ಆಧುನಿಕ ಮಂಡಿ ರೂಪಿಸಿದವರಲ್ಲಿ ನಮ್ಮ ಚಿತ್ತರಂಜನ್ ರಾಣಾವತ್ ಒಬ್ಬರು. ಮುಂಬೈಯಲ್ಲಿ ವಾಜಪೇಯಿಯವರ ಎರಡೂ ಮಂಡಿ, 2000 ಮತ್ತು 2001ರಲ್ಲಿ, ಮಾಡಿದ್ದು ಅವರೇ. "ವಾಜಪೇಯಿ ಮಂಡಿ ಮಾಡ್ದರ್ ದೋಸ್ತಿಯಾ?" ಅಂತ ಅಮ್ಮಮ್ಮನಿಗೆ ಅರ್ಧ ಧೈರ್ಯ ಬಂದಿದ್ದು ಈ ಮಾತಿಗೆ.

ಆದರೆ ತೆಗೆಯಲೇಬೇಕಾ? ಅವಳ ಅಸಲಿ ಪ್ರಶ್ನೆ ಅದು. ಉತ್ತರ ಕೊಟ್ಟಿದ್ದು ಬಿಲ್ ಕಾಸ್ಟರ್‌ಟನ್ ಮುಂತಾದವರು. ಕ್ರಿಮಿಗಳು ಒಂಟಿಯಾಗಿ ತೇಲುವುದಕ್ಕಿಂತ ಹೆಚ್ಚಾಗಿ ಅಂಟಿನ ಪದರ ಕಟ್ಟಿಕೊಂಡು ಗುಂಪಾಗಿ ಬದುಕುತ್ತವೆ ಅಂತ 1978ರಿಂದ ಬರೆಯತೊಡಗಿದರು. ಬಯೋಫಿಲ್ಮ್. ಮಳೆಗಾಲದಲ್ಲಿ ಬಾವಿಕಟ್ಟೆಗೆ ಹಿಡಿಯುವ ಪಾಚಿ ನೆನಪಿಸಿಕೊಳ್ಳಿ, ಕೊಡಪಾನ ನೀರು ಸುರಿದರೆ ಹೋಗುತ್ತಾ? ಉಜ್ಜಬೇಕು. ಲೋಹದ ಮೇಲೆ ರಕ್ತನಾಳ ಇಲ್ಲ, ಔಷಧ ಅಲ್ಲಿಗೆ ತಲುಪುವುದೂ ಕಷ್ಟ, ತಲುಪಿದರೂ ಪದರದೊಳಗೆ ನಿದ್ದೆ ಮಾಡುವ ಕ್ರಿಮಿ ಸಾಯುವುದಿಲ್ಲ. ಆಪರೇಶನ್ ಆಗಿ ಕೆಲವೇ ವಾರಗಳಲ್ಲಿ ಗೊತ್ತಾದರೆ ತೆರೆದು ತೊಳೆದು, ಮಧ್ಯದ ಪ್ಲಾಸ್ಟಿಕ್ ಮಾತ್ರ ಬದಲಿಸಿ ಲೋಹ ಉಳಿಸಿಕೊಳ್ಳಬಹುದು. ಹತ್ತು ತಿಂಗಳ ಮೇಲೆ ಕೀವು ಚರ್ಮ ತೂತು ಮಾಡಿ ಹೊರಗೆ ಬಂದಿದ್ದರೆ ಆ ಅವಕಾಶ ಮುಗಿದಿರುತ್ತದೆ. ನಮ್ಮ ಭಾಷೆಯಲ್ಲಿ, ಪ್ಯಾಚ್ ಸಾಲದು, ಫಾರ್ಮ್ಯಾಟ್ ಮಾಡಿ ಮತ್ತೆ ಇನ್‌ಸ್ಟಾಲ್.

ಹಾಗಂತ ಅವಳು ಮಂಡಿ ಇಲ್ಲದೆ ಇರಲಿಲ್ಲ. ಔಷಧ ಬೆರೆಸಿದ ಸಿಮೆಂಟಿನದೇ ತಾತ್ಕಾಲಿಕ ಮಂಡಿ ಇಟ್ಟರು. ಅದರೊಳಗಿದ್ದದ್ದು ವ್ಯಾಂಕೊಮೈಸಿನ್. 1950ರ ದಶಕದಲ್ಲಿ ಬೋರ್ನಿಯೊ ಕಾಡಿನಿಂದ ಒಬ್ಬ ಮಿಷನರಿ ಕಳಿಸಿದ ಮಣ್ಣಲ್ಲಿ ಸಿಕ್ಕ ಔಷಧ! ಗದ್ದೆ ಮಣ್ಣಲ್ಲೇ ಬದುಕಿದವಳಿಗೆ ಇದು ಹೇಳಿದಾಗ ಆಶ್ಚರ್ಯವೇ ಆಗಲಿಲ್ಲ. "ಮಣ್ಣಂಗೆ ಎಲ್ಲ ಇರತ್ತ್" ಅಂದಳು, ಅಷ್ಟೇ.

ಇನ್ನೊಂದು ಸಂಗತಿ. 2019ರಲ್ಲಿ ಬ್ರಿಟನ್ನಿನ ಓವಿವಾ ಅಧ್ಯಯನ 1,054 ಮೂಳೆ-ಕೀಲು ಸೋಂಕಿನ ರೋಗಿಗಳಲ್ಲಿ ನೋಡಿ, ಮೊದಲ ಆರು ವಾರಕ್ಕೆ ಸೂಜಿಗಿಂತ ಸರಿಯಾಗಿ ಆರಿಸಿದ ಮಾತ್ರೆ ಕಡಿಮೆಯೇನಿಲ್ಲ ಅಂತ ತೋರಿಸಿತು. ಗಮನಿಸಿ, "ಸರಿಯಾಗಿ ಆರಿಸಿದ", ಅಂದರೆ ಕ್ರಿಮಿ ಯಾವುದು ಅಂತ ನೋಡಿ ಡಾಕ್ಟರ್ ಆರಿಸಿದ್ದು, ಮೊಮ್ಮಗ ಅಲ್ಲ. ಅಮ್ಮಮ್ಮನಿಗೆ ಎರಡು ವಾರ ಸೂಜಿ, ಆಮೇಲೆ ಮಾತ್ರೆ. ಹಾಗಾಗಿ ಆಸ್ಪತ್ರೆ ಬಿಟ್ಟು ಮನೆಗೆ ಬಂದಳು.

ಖರ್ಚಿನ ಬಗ್ಗೆ ಕೇಳಬೇಡಿ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಾಮೂಲಿ ಕೋಬಾಲ್ಟ್-ಕ್ರೋಮ್ ಮಂಡಿಗೆ 54,720 ರೂಪಾಯಿ ಮಿತಿ ಹಾಕಿತು, ಮುಂಚೆ ಸರಾಸರಿ ಒಂದೂವರೆ ಲಕ್ಷದ ಮೇಲಿತ್ತು. ಆದರೆ ಎರಡು ಆಪರೇಶನ್ನಿನ ಕೋಣೆ ಬಾಡಿಗೆಗೆ ಯಾರೂ ಮಿತಿ ಹಾಕಿಲ್ಲ. ಅಪ್ಪ ಒಂದು ಎಫ್‌ಡಿ ಮುರಿದರು, ನಾನು ಬೈಕ್ ತಗೊಳ್ಳುವುದು ಮುಂದೆ ಹಾಕಿದೆ.

ಈಗ ಹೊಸ ಮಂಡಿಗೆ ಏಳು ತಿಂಗಳು. ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ. ಈ ಸಲ ಗದ್ದೆಯ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕೊಯ್ದು ತಂದ ಹೂವನ್ನು ಕಟ್ಟುತ್ತಾ ಕೂತಿದ್ದಳು. ಮಂಡಿ ಮುಟ್ಟಿ ನೋಡಿದೆ, ಎರಡೂ ಒಂದೇ ತಣ್ಣಗಿತ್ತು. "ಹೂಂಗ್ ಮುಟ್ಟು, ಮಂಡಿ ಎಂತಕೆ ಮುಟ್ತೆ" ಅಂತ ಬೈದು ಬುಟ್ಟಿ ನನ್ನ ಕಡೆ ತಳ್ಳಿದಳು.